ನಿಲ್ಲುವ ವಿದ್ಯೆ: ತೇರಿನ ಸನ್ನೆಯಿಂದ ಕಾರಿನ ಬ್ರೇಕಿನವರೆಗೆ



ಹೊಸ ಕಾರು ಕೊಂಡವರ ಮನೆಗೆ ಹೋದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಎಷ್ಟು ಬಿತ್ತು? ಲೀಟರಿಗೆ ಎಷ್ಟು ಕೊಡುತ್ತದೆ? ಎಷ್ಟು ಸ್ಪೀಡು ಹೋಗುತ್ತದೆ? ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳುವವರು ಅಪರೂಪ. ವಾಹನದ ಚರಿತ್ರೆಯನ್ನು ಬರೆದವರೂ ಬಹುಮಟ್ಟಿಗೆ ಹೀಗೆಯೇ ಮಾಡಿದ್ದಾರೆ. ಎಂಜಿನ್ ಕಂಡುಹಿಡಿದವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಬ್ರೇಕು ಕಂಡುಹಿಡಿದವರ ಹೆಸರು ಗ್ಯಾರೇಜಿನವರಿಗೂ ಗೊತ್ತಿಲ್ಲ. ಆದರೆ ನಿಲ್ಲಿಸಲು ಬಾರದ ಗಾಡಿಯನ್ನು ಯಾರೂ ಜೋರಾಗಿ ಓಡಿಸುವ ಧೈರ್ಯ ಮಾಡಲಾರರು. ವೇಗದ ಪ್ರತಿಯೊಂದು ಮೆಟ್ಟಿಲಿನ ಹಿಂದೆಯೂ ನಿಲ್ಲುವ ವಿದ್ಯೆಯ ಒಂದು ಮೆಟ್ಟಿಲಿದೆ.

ಈ ವಿದ್ಯೆಯ ಚರಿತ್ರೆಯನ್ನು ತಿಳಿಯಲು ವಿದೇಶದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕಾಗಿಲ್ಲ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರ್ ದೂರ. ಹಿಂದೆ ನಾಲ್ಕನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿದ್ದು ಈಗ 48ನೇ ನಂಬರು ಪಡೆದಿರುವ ಈ ರಸ್ತೆಯ ಬದಿಯಲ್ಲಿ ಒಂದು ಗಂಟೆ ನಿಂತರೆ ಸಾಕು. ಎತ್ತಿನ ಗಾಡಿ, ಸೈಕಲ್ಲು, ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ಹಳೆಯ ಲಾರಿ, ಹೊಸ ಬಸ್ಸು, ಕಂಪ್ಯೂಟರ್ ಹೇಳಿದಂತೆ ಬ್ರೇಕು ಹಿಡಿಯುವ ಕಾರು ಎಲ್ಲವೂ ಸಾಲಾಗಿ ಹೋಗುತ್ತವೆ. ನೂರಾರು ವರ್ಷಗಳ ಅಂತರದಲ್ಲಿ ಹುಟ್ಟಿದ ಬ್ರೇಕುಗಳು ಒಂದೇ ರಸ್ತೆಯಲ್ಲಿ, ಒಂದರ ಹಿಂದೆ ಒಂದು. ನೋಡಲು ಇದು ಸೊಗಸು. ಅಪಾಯವೂ ಇಲ್ಲಿಯೇ ಇದೆ. ಆ ಮಾತಿಗೆ ಕೊನೆಯಲ್ಲಿ ಬರೋಣ.

ಮೊದಲು ತೇರು. ಹಿರಿಯೂರಿನ ದೇವರ ಹೆಸರಿನಲ್ಲೇ ತೇರಿದೆ: ತೇರುಮಲ್ಲೇಶ್ವರ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ಸುತ್ತಲಿನ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ಇಂಥ ಮಹಾರಥಕ್ಕೆ ಎಂಜಿನ್ನಿಲ್ಲ, ಸ್ಟಿಯರಿಂಗಿಲ್ಲ, ಬ್ರೇಕೂ ಇಲ್ಲ. ಮಿಣಿ ಹಿಡಿದ ಸಾವಿರಾರು ಜನ ಎಳೆಯಬಲ್ಲರು. ಆದರೆ ಹಗ್ಗದಿಂದ ಎಳೆಯಬಹುದೇ ಹೊರತು ತಡೆಯಲು ಬರುವುದಿಲ್ಲ. ತಡೆಯುವ ಕೆಲಸ ಗಾಲಿಯ ಪಕ್ಕದಲ್ಲಿ ಮರದ ಸನ್ನೆ ಹಿಡಿದು ನಡೆಯುವ ಕೆಲವೇ ಜನರದು. ಉರುಳುವ ಗಾಲಿಯ ಮುಂದೆ ಸರಿಯಾದ ಕ್ಷಣದಲ್ಲಿ, ಸರಿಯಾದ ಓರೆಯಲ್ಲಿ ಸನ್ನೆ ಕೊಟ್ಟರೆ ತೇರು ತಿರುಗುತ್ತದೆ ಅಥವಾ ನಿಲ್ಲುತ್ತದೆ. ಕ್ಷಣ ತಪ್ಪಿದರೆ ಕೈಕಾಲು ಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಎಳೆಯುವವರ ಸಂಭ್ರಮ ಎಲ್ಲರಿಗೂ ಕಾಣುತ್ತದೆ, ಸನ್ನೆಯವರ ಎಚ್ಚರ ಯಾರಿಗೂ ಕಾಣುವುದಿಲ್ಲ. ಬ್ರೇಕಿನ ಇಡೀ ಚರಿತ್ರೆಗೂ ಈ ಮಾತು ಒಪ್ಪುತ್ತದೆ.

ಓಟವನ್ನು ಮುರಿಯುವ ಇನ್ನೊಂದು ಉಪಾಯವನ್ನು ಚಿತ್ರದುರ್ಗದ ಕೋಟೆ ಕಟ್ಟಿದವರು ಬಲ್ಲವರಾಗಿದ್ದರು. ಏಳುಸುತ್ತಿನ ಕೋಟೆಯ ಬಾಗಿಲುಗಳಿಗೆ ನೇರವಾದ ದಾರಿಯಿಲ್ಲ. ಪ್ರತಿ ಬಾಗಿಲಿನ ಮುಂದೆಯೂ ದಾರಿ ಸೊಟ್ಟಗೆ ತಿರುಗುತ್ತದೆ. ಆನೆಯಾಗಲಿ ಕುದುರೆಯಾಗಲಿ ಓಡಿಬಂದ ರಭಸದಲ್ಲಿ ಬಾಗಿಲಿಗೆ ಗುದ್ದದಂತೆ ಮಾಡುವುದು ಇದರ ಉದ್ದೇಶ. ಇಲ್ಲಿ ಬ್ರೇಕು ಇರುವುದು ಬರುವವನ ಬಳಿ ಅಲ್ಲ, ದಾರಿಯಲ್ಲಿಯೇ. ಇಂದು ಹಳ್ಳಿಯ ಮುಂದೆ ಹಾಕುವ ರಸ್ತೆಯುಬ್ಬು, ಪೊಲೀಸರು ಅಡ್ಡಾದಿಡ್ಡಿ ಇಡುವ ಬ್ಯಾರಿಕೇಡು ಇವೆಲ್ಲ ಆ ಕೋಟೆಬಾಗಿಲಿನ ವಂಶದವೇ.

ಇನ್ನು ಎತ್ತಿನ ಗಾಡಿ. ಇದರ ಮುಖ್ಯ ಬ್ರೇಕು ಎತ್ತುಗಳೇ. ಗಾಡಿ ಹೊಡೆಯುವವನು ಹಗ್ಗ ಜಗ್ಗಿದರೆ ಎತ್ತು ಕಾಲೂರುತ್ತದೆ, ನೊಗದ ಮೂಲಕ ಗಾಡಿಯ ಭಾರವನ್ನು ಹಿಂದಕ್ಕೆ ಒತ್ತುತ್ತದೆ. ಇಳಿಜಾರಿನಲ್ಲಿ ಹತ್ತಿಪ್ಪತ್ತು ಮೂಟೆಯ ಭಾರವನ್ನು ಕತ್ತಿನ ಮೇಲೆ ತಡೆಯುವುದು ಎತ್ತಿಗೆ ಎಂಥ ಹಿಂಸೆ ಎಂಬುದು ರೈತರಿಗೆ ಗೊತ್ತು. ಆದ್ದರಿಂದಲೇ ಗಾಡಿಯ ಹಿಂದೆ ಅಡ್ಡಮರವೊಂದನ್ನು ಕಟ್ಟಿ, ಹಗ್ಗ ಎಳೆದರೆ ಅದು ಎರಡೂ ಗಾಲಿಗಳ ಕಬ್ಬಿಣದ ಪಟ್ಟಿಗೆ ಒತ್ತುವಂತೆ ಮಾಡುವ ಪದ್ಧತಿ ಬಂತು. ಮರ ಕಬ್ಬಿಣವನ್ನು ಉಜ್ಜುತ್ತದೆ, ಗಾಲಿ ನಿಧಾನವಾಗುತ್ತದೆ. ಯೂರೋಪಿನ ಕುದುರೆಗಾಡಿಗಳಲ್ಲಿ ಇದ್ದದ್ದೂ ಇದೇ ಉಪಾಯ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ಮೋಟಾರು ಗಾಡಿಗೆ ಹಾಕಿದ್ದೂ ಬಹುಮಟ್ಟಿಗೆ ಗಾಡಿಕಾಲದ ಬ್ರೇಕನ್ನೇ.

ಆ ಗಾಡಿಯ ಬ್ರೇಕಿಗೆ ಮೊದಲ ಸುಧಾರಣೆ ಮಾಡಿದವಳು ಬೆಂಜನ ಹೆಂಡತಿ ಬರ್ತಾ. 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮನ್‌ಹೈಮ್‌ನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಪ್ಫಾರ್ಟ್ಸ್‌ಹೈಮ್‌ನ ತವರುಮನೆಗೆ ಆಕೆ ಆ ಗಾಡಿಯನ್ನು ಓಡಿಸಿಕೊಂಡು ಹೋದಳು. ಮೋಟಾರು ವಾಹನದಲ್ಲಿ ಅಷ್ಟು ದೂರ ಮೊದಲು ಹೋದವರೇ ಅವರು. ದಾರಿಯ ಇಳಿಜಾರುಗಳಲ್ಲಿ ಬ್ರೇಕಿನ ಕಟ್ಟಿಗೆ ಸವೆದುಹೋಯಿತು. ಬರ್ತಾ ಚಮ್ಮಾರನೊಬ್ಬನಿಂದ ಅದರ ಮೇಲೆ ತೊಗಲು ಹೊಡೆಸಿದಳು. ಸವೆಯುವ ಭಾಗವನ್ನು ಬೇರೆ ಮಾಡಿ, ಸವೆದಾಗ ಅದನ್ನಷ್ಟೇ ಬದಲಿಸುವುದು: ಇಂದು ಗ್ಯಾರೇಜಿನಲ್ಲಿ 'ಲೈನಿಂಗ್ ಹಾಕಿಸುವುದು' ಎನ್ನುವ ಕೆಲಸದ ಮೂಲ ಇದು. ಕಾರಿನ ಬ್ರೇಕಿನ ಚರಿತ್ರೆಯ ಮೊದಲ ಪುಟದಲ್ಲಿ ಒಬ್ಬ ಗೃಹಿಣಿ ಮತ್ತು ಒಬ್ಬ ಚಮ್ಮಾರ ಇದ್ದಾರೆ ಎಂಬುದು ಗಮನಿಸಬೇಕಾದ ಸಂಗತಿ.

ಅದೇ 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಕಾರುಗಳಿಗೂ ರಬ್ಬರಿನ ಟೈರು ಬಂತು. ಸವಾರಿ ಮೆತ್ತಗಾಯಿತು, ಬ್ರೇಕು ಕೆಟ್ಟಿತು. ಕಬ್ಬಿಣದ ಪಟ್ಟಿಗೆ ಮರ ಒತ್ತಬಹುದು. ರಬ್ಬರಿಗೆ ಒತ್ತಿದರೆ ಟೈರೇ ಹರಿದುಹೋಗುತ್ತದೆ. ಚಿತ್ರದುರ್ಗದ ಕಡೆ ಮರದ ಗಾಲಿಯ ಗಾಡಿ ಹೋಗಿ ಟೈರುಗಾಡಿ ಬಂದಾಗ ರೈತರಿಗೂ ಇದೇ ತೊಡಕು ಎದುರಾಯಿತು. ಎತ್ತಿಗೆ ಎಳೆಯುವುದು ಹಗುರವಾಯಿತು, ತಡೆಯುವುದು ಕಷ್ಟವಾಯಿತು. ಸುಲಭವಾಗಿ ಉರುಳುವುದು ಸುಲಭವಾಗಿ ನಿಲ್ಲುವುದಿಲ್ಲ.

ಟೈರನ್ನು ಮುಟ್ಟದೆ ಗಾಲಿಯನ್ನು ತಡೆಯುವುದು ಹೇಗೆ? ಗಾಲಿಯ ಜೊತೆಗೇ ತಿರುಗುವ ಒಂದು ಉಕ್ಕಿನ ಡ್ರಮ್ ಕೂಡಿಸಿ, ಅದರ ಹೊರಮೈಗೆ ಪಟ್ಟಿ ಸುತ್ತಿ ಬಿಗಿಯುವುದು ಮೊದಲ ಉಪಾಯ. ಬಾವಿಯ ರಾಟೆಗೆ ಹಗ್ಗ ಸುತ್ತಿ ಬಿಗಿದಂತೆ ಇದು. ಆದರೆ ಪಟ್ಟಿಗೆ ಕೆಸರು, ನೀರು, ಧೂಳು ಮೆತ್ತಿದರೆ ಹಿಡಿತ ಹೋಗುತ್ತಿತ್ತು. ಇನ್ನೂ ದೊಡ್ಡ ದೋಷವೆಂದರೆ, ಅನೇಕ ಪಟ್ಟಿಬ್ರೇಕುಗಳು ಮುಂದಕ್ಕೆ ಹೋಗುವಾಗ ಬಿಗಿಯುತ್ತಿದ್ದವು, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದರೆ ಸಡಿಲಾಗುತ್ತಿದ್ದವು. ಅದಕ್ಕಾಗಿ ಆ ಕಾಲದ ಕೆಲವು ಕಾರುಗಳ ಅಡಿಯಲ್ಲಿ ಚೂಪಾದ ಒಂದು ಕೋಲನ್ನು ತೂಗುಬಿಟ್ಟಿರುತ್ತಿದ್ದರು. ಏರಿನಲ್ಲಿ ಅದನ್ನು ಕೆಳಗಿಳಿಸಿದರೆ ನೆಲಕ್ಕೆ ಕಚ್ಚಿಕೊಂಡು ಕಾರು ಹಿಂದೆ ಸರಿಯದಂತೆ ತಡೆಯುತ್ತಿತ್ತು. ತೇರಿನ ಸನ್ನೆಯೇ ಹೀಗೆ ಕಾರಿನ ಹೊಟ್ಟೆಯಡಿ ಸೇರಿತ್ತು.

ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ಇದನ್ನು ಒಳಗುಮಾಡಿದ. ಡ್ರಮ್ಮಿನ ಹೊರಗೆ ಪಟ್ಟಿ ಸುತ್ತುವ ಬದಲು, ಒಳಗೆ ಅರ್ಧಚಂದ್ರದಂಥ ಎರಡು ಶೂಗಳನ್ನು ಇಟ್ಟು, ಅವು ಅಗಲಿ ಡ್ರಮ್ಮಿನ ಒಳಮೈಗೆ ಒತ್ತುವಂತೆ ಮಾಡಿದ. ಧೂಳು, ಕೆಸರು ಹೊರಗುಳಿದವು. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಗಾಲಿಯ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿಯುವುದು ಅವನ ಯೋಜನೆ. ಆದರೆ ಅದಕ್ಕೆ ಹಾಕಿದ ತಾಮ್ರದ ಬಿಲ್ಲೆಗಳು ಕಿವಿಗಡಚಿಕ್ಕುವಂತೆ ಕಿರುಚುತ್ತಿದ್ದವು, ಆಗಿನ ಮಣ್ಣುರಸ್ತೆಗಳ ಧೂಳಿನಲ್ಲಿ ಬೇಗ ಸವೆಯುತ್ತಿದ್ದವು. ಡ್ರಮ್ ಗೆದ್ದಿತು, ಡಿಸ್ಕ್ ಅರ್ಧ ಶತಮಾನ ಕಾಯಬೇಕಾಯಿತು.

ಡ್ರಮ್ಮಿಗೆ ಒಳ್ಳೆಯ ಲೈನಿಂಗ್ ಒದಗಿಸಿದವನು ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್. 1897ರ ಹೊತ್ತಿಗೆ ಕುದುರೆಗಾಡಿಗಳ ಬ್ರೇಕಿನ ಕಟ್ಟಿಗೆಗಳಲ್ಲಿ ಪ್ರಯೋಗ ಶುರುಮಾಡಿದ ಆತ 1908ರಲ್ಲಿ ಕಲ್ನಾರಿನ ಲೈನಿಂಗ್ ತಂದ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಫೆರೋಡೊ ಎಂದು ಆತ ಇಟ್ಟ ಹೆಸರು ಇಂದಿಗೂ ಅಂಗಡಿಗಳಲ್ಲಿ ಕಾಣುತ್ತದೆ. ಕಲ್ನಾರು ಶಾಖಕ್ಕೆ ಸುಡುವುದಿಲ್ಲ, ಅಗ್ಗವಾಗಿ ಸಿಗುತ್ತದೆ. ಆದರೆ ಅದರ ಸೂಕ್ಷ್ಮ ಎಳೆಗಳು ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಮಾರಕ. ದಶಕಗಳ ನಂತರ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಪ್ರಪಂಚದಾದ್ಯಂತ ಗ್ಯಾರೇಜಿನ ಹುಡುಗರು ಡ್ರಮ್ ಬಿಚ್ಚಿ, ಒಳಗಿನ ಧೂಳನ್ನು ಗಾಳಿಯಿಂದ ಊದಿ, ಅದನ್ನೇ ಉಸಿರಾಡಿದರು. ಇಂಗ್ಲೆಂಡು ಇದನ್ನು 1999ರಲ್ಲಿ ಪೂರ್ತಿಯಾಗಿ ನಿಷೇಧಿಸಿತು. ಈಗ ಬೇರೆ ನಾರುಗಳ ಲೈನಿಂಗ್ ಬಂದಿವೆ. ಆದರೂ ಯಾವ ಕಾಲದ ಲೈನಿಂಗ್ ಎಂದು ತಿಳಿಯದ ಡ್ರಮ್ಮನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ರಸ್ತೆಯ ಮೇಲಿನವರ ಜೀವ ಉಳಿಸುವ ವಸ್ತು ಗ್ಯಾರೇಜಿನೊಳಗಿನವರ ಜೀವ ತೆಗೆಯಬಾರದು.

ಇಷ್ಟಾದರೂ ಆಗಿನ ಬಹುಪಾಲು ಕಾರುಗಳಿಗೆ ಬ್ರೇಕು ಇದ್ದದ್ದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಮುಂಗಾಲಿಗೆ ಬ್ರೇಕು ಹಾಕಿದರೆ ಕಾರು ಮುಗ್ಗರಿಸಿ ಬೀಳುತ್ತದೆ, ಜಾರಿ ತಿರುಗುತ್ತದೆ ಎಂಬ ಭಯ ಆಗಿನವರಿಗೆ. ಸೈಕಲ್ಲಿನ ಮುಂಬ್ರೇಕನ್ನು ಒಮ್ಮೆಲೇ ಹಿಡಿದು ಬಿದ್ದವರಿಗೆ ಈ ಭಯ ಅರ್ಥವಾದೀತು. ಆದರೆ ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಮುಂಗಾಲಿಗಳು ನೆಲವನ್ನು ಬಲವಾಗಿ ಒತ್ತುತ್ತವೆ, ಹಿಂಗಾಲಿಗಳು ಹಗುರಾಗುತ್ತವೆ. ಅಂದರೆ ಹೆಚ್ಚು ಹಿಡಿತವಿರುವ ಕಡೆ ಬ್ರೇಕೇ ಇರಲಿಲ್ಲ! 1910ರ ಆಸುಪಾಸಿನಲ್ಲಿ ಸ್ಕಾಟ್ಲೆಂಡಿನ ಆರ್ಗೈಲ್, ಇಟಲಿಯ ಇಸೊಟ್ಟಾ ಫ್ರಾಸ್ಕಿನಿ ಕಂಪೆನಿಗಳು ನಾಲ್ಕೂ ಗಾಲಿಗೆ ಬ್ರೇಕು ಹಾಕಿದವು. 1920ರ ದಶಕದಲ್ಲಿ ಅದು ಎಲ್ಲೆಡೆ ಹರಡಿತು.

ಆಗೊಂದು ಹೊಸ ತೊಂದರೆ ತಲೆದೋರಿತು. ನಾಲ್ಕು ಗಾಲಿಯ ಬ್ರೇಕಿನ ಕಾರು ತಟ್ಟನೆ ನಿಲ್ಲುತ್ತಿತ್ತು. ಅದರ ಹಿಂದೆ ಬರುವ, ಎರಡೇ ಗಾಲಿಗೆ ಬ್ರೇಕಿರುವ ಕಾರು ಅಷ್ಟು ಬೇಗ ನಿಲ್ಲಲಾಗದೆ ಬಂದು ಗುದ್ದುತ್ತಿತ್ತು. ಅದಕ್ಕಾಗಿ ಇಂಗ್ಲೆಂಡಿನಲ್ಲಿ ನಾಲ್ಕು ಗಾಲಿಗೆ ಬ್ರೇಕಿರುವ ಕಾರಿನ ಬೆನ್ನಿಗೆ ಕೆಂಪು ತ್ರಿಕೋನವೊಂದನ್ನು ತೂಗುಹಾಕುತ್ತಿದ್ದರು. 'ಎಚ್ಚರ, ಈ ಕಾರು ಬೇಗ ನಿಲ್ಲುತ್ತದೆ' ಎಂದು ಅದರ ಅರ್ಥ. ಈ ತ್ರಿಕೋನವನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ಸಮಸ್ಯೆ ಕಂಬಿಗಳದು. ಕಾಲಿನ ಪೆಡಲಿನಿಂದ ನಾಲ್ಕು ಗಾಲಿಗೂ ಕಬ್ಬಿಣದ ಸರಳು, ತಂತಿಗಳು ಹೋಗುತ್ತಿದ್ದವು. ನಾಲ್ಕನ್ನೂ ಒಂದೇ ಸಮನಾಗಿ ಬಿಗಿಯಾಗಿ ಇಡುವುದು ದೇವರಿಗೇ ಪ್ರೀತಿ. ಒಂದು ಗಾಲಿ ಹೆಚ್ಚು ಹಿಡಿದರೆ ಕಾರು ಆ ಕಡೆಗೆ ಎಳೆಯುತ್ತಿತ್ತು. ಇದಕ್ಕೆ ಪರಿಹಾರ ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪಾಸ್ಕಲನ ನಿಯಮದಲ್ಲಿ ಇತ್ತು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬುದು ಆ ನಿಯಮ. ಸರಳಿನ ಬದಲು ಕೊಳವೆ, ಕೊಳವೆಯೊಳಗೆ ದ್ರವ. ಪೆಡಲು ಒತ್ತಿದರೆ ನಾಲ್ಕೂ ಗಾಲಿಗೆ ಸಮನಾದ ಒತ್ತಡ. ಅಮೆರಿಕದ ಮಾಲ್ಕಮ್ ಲಾಗ್‌ಹೆಡ್ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಇದಕ್ಕೆ ಪೇಟೆಂಟ್ ಪಡೆದ. ಲಾಕ್‌ಹೀಡ್ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. 1921ರಲ್ಲಿ ಡ್ಯೂಸೆನ್‌ಬರ್ಗ್, 1924ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಅದು ಬಂತು. ಕಬ್ಬಿಣದ ಸರಳನ್ನೇ ನಂಬಿದ್ದ ಫೋರ್ಡ್ ಕಂಪೆನಿ ಹೈಡ್ರಾಲಿಕ್ ಬ್ರೇಕಿಗೆ ಬದಲಾದದ್ದು 1939ರ ಮಾದರಿಗಳಲ್ಲಿ.

ಆ ಕೊಳವೆಯೊಳಗಿನ ದ್ರವ ಯಾವುದು ಎಂದರೆ ಬಯಲುಸೀಮೆಯವರಿಗೆ ಸಂತೋಷವಾದೀತು. ಹಳೆಯ ಬ್ರೇಕ್ ಆಯಿಲ್‌ಗಳು ಹರಳೆಣ್ಣೆಗೆ ಆಲ್ಕೊಹಾಲ್ ಬೆರೆಸಿ ಮಾಡಿದವು. ಹೊಲದ ಬದುವಿನಲ್ಲಿ ಬೆಳೆದು, ತಲೆಗೆ ಹಚ್ಚಿ, ಗಾಡಿಯ ಅಚ್ಚಿಗೆ ಸವರುತ್ತಿದ್ದ ಎಣ್ಣೆಯೇ ಕಾರಿನ ಬ್ರೇಕಿಗೂ ಆಗಿಬಂತು. ಬ್ರೇಕಿನ ರಬ್ಬರನ್ನು ಅದು ಕೆಡಿಸುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಪೆಟ್ರೋಲಿಯಂ ಎಣ್ಣೆ ಹಾಕಿದರೆ ಆ ರಬ್ಬರು ಉಬ್ಬಿ ಹಾಳಾಗುತ್ತದೆ. ಈಗಿನ ಬ್ರೇಕ್ ಆಯಿಲ್ ಬೇರೆ ರಾಸಾಯನಿಕಗಳಿಂದ ಆದದ್ದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ದ್ರವ ಬೇಗ ಕುದಿಯುತ್ತದೆ, ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಗಾಲಿಗೆ ಒತ್ತಡ ಮುಟ್ಟಿಸುವುದಿಲ್ಲ. ಪೆಡಲು ನೆಲಕ್ಕೆ ತಾಗುತ್ತದೆ, ಕಾರು ಓಡುತ್ತಲೇ ಇರುತ್ತದೆ. ಆದ್ದರಿಂದಲೇ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಎನ್ನುವುದು. ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವ ಎಷ್ಟೋ ಮಂದಿ ಇದನ್ನು ಮರೆಯುತ್ತಾರೆ.

ಭಾರತದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರು ಬಂದದ್ದು ಇದೇ ಹೈಡ್ರಾಲಿಕ್ ಡ್ರಮ್ ಬ್ರೇಕಿನೊಂದಿಗೆ. ಮದರಾಸಿನಲ್ಲಿ 1962ರಲ್ಲಿ ಬ್ರೇಕ್ಸ್ ಇಂಡಿಯಾ ಮತ್ತು ಸುಂದರಂ ಕ್ಲೇಟನ್ ಕಂಪೆನಿಗಳು ಸ್ಥಾಪನೆಯಾದ ನಂತರ ಕಾರು, ಲಾರಿಗಳ ಬ್ರೇಕಿನ ಭಾಗಗಳು ಇಲ್ಲಿಯೇ ತಯಾರಾಗತೊಡಗಿದವು. ಆ ಕಾಲದ ಡ್ರೈವರುಗಳ ಕಾಲಿಗೆ ಒಂದು ಅಭ್ಯಾಸವಿತ್ತು: ನಿಲ್ಲಿಸುವ ಮೊದಲು ಪೆಡಲನ್ನು ಎರಡು ಮೂರು ಸಲ ತುಳಿದು 'ಪಂಪು' ಮಾಡುವುದು. ಡ್ರಮ್ ಬಿಸಿಯಾದಾಗ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಹಳ್ಳ ದಾಟಿದರೆ ಒಳಗೆ ನೀರು ಸೇರಿ ಹಿಡಿತ ತಪ್ಪುತ್ತದೆ. ಹಳ್ಳ ದಾಟಿದ ಮೇಲೆ ಮೆಲ್ಲಗೆ ಬ್ರೇಕು ಒತ್ತುತ್ತಾ ಅದನ್ನು ಒಣಗಿಸಿಕೊಳ್ಳುವುದೂ ಆ ವಿದ್ಯೆಯ ಭಾಗವಾಗಿತ್ತು.

ಭಾರದ ವಾಹನಗಳ ಕಥೆ ಬೇರೆ. ಅದು ರೈಲಿನಿಂದ ಬಂದದ್ದು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್, ಹೊಸದುರ್ಗ ರೋಡ್ ನಿಲ್ದಾಣಗಳನ್ನು ಬಲ್ಲವರಿಗೆ ರೈಲಿನ ಕೊನೆಯಲ್ಲಿ ಗಾರ್ಡಿನ ಬ್ರೇಕ್‌ವ್ಯಾನ್ ಇರುತ್ತಿದ್ದುದು ಗೊತ್ತು. ಮೊದಮೊದಲು ಎಂಜಿನ್ ಡ್ರೈವರು ಸಿಳ್ಳೆ ಹಾಕಿದರೆ ಬೋಗಿಗಳ ಮೇಲಿನ ಜನ ಕೈಯಿಂದಲೇ ಬ್ರೇಕು ತಿರುಗಿಸುತ್ತಿದ್ದರು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಒತ್ತಿದ ಗಾಳಿಯಿಂದ ಕೆಲಸ ಮಾಡುವ ಬ್ರೇಕು ತಂದ. ಮೂರು ವರ್ಷಗಳ ನಂತರ ಅದನ್ನು ತಿರುವುಮುರುವು ಮಾಡಿದ. ಗಾಳಿಯ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಕೊಳವೆ ಒಡೆದರೆ ತಾನಾಗಿಯೇ ಹಿಡಿಯುತ್ತದೆ. 'ಕೆಟ್ಟರೆ ನಿಲ್ಲುವ ಕಡೆಗೇ ಕೆಡಬೇಕು' ಎಂಬ ಈ ತತ್ತ್ವ ಎಂಜಿನಿಯರಿಂಗಿನ ದೊಡ್ಡ ವಿವೇಕಗಳಲ್ಲೊಂದು. ಇಂದಿನ ದೊಡ್ಡ ಲಾರಿ, ಬಸ್ಸುಗಳ ಪಾರ್ಕಿಂಗ್ ಬ್ರೇಕಿನಲ್ಲಿಯೂ ಇದೇ ತತ್ತ್ವವಿದೆ. ಬಲವಾದ ಸ್ಪ್ರಿಂಗು ಬ್ರೇಕನ್ನು ಹಿಡಿದಿರುತ್ತದೆ, ಗಾಳಿಯ ಒತ್ತಡ ಅದನ್ನು ಬಿಡಿಸಿ ಇಟ್ಟಿರುತ್ತದೆ. ಬಸ್ಸು ನಿಂತಾಗ ಕೇಳುವ 'ಬುಸ್' ಎಂಬ ಸದ್ದು ಆ ಗಾಳಿಯದು.

ಬ್ರೇಕು ಮಾಡುವ ಕೆಲಸವಾದರೂ ಏನು? ಓಟದ ಶಕ್ತಿಯನ್ನು ಶಾಖವಾಗಿ ಬದಲಿಸುವುದು, ಅಷ್ಟೇ. ಒಂದು ಟನ್ ತೂಕದ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖ ಒಂದು ಲೀಟರ್ ನೀರನ್ನು ಸುಮಾರು 60 ಡಿಗ್ರಿ ಬಿಸಿ ಮಾಡಬಲ್ಲದು. 25 ಟನ್ನಿನ ಲಾರಿ 60 ಕಿಲೋಮೀಟರ್ ವೇಗದಿಂದ ನಿಂತರೆ 11 ಲೀಟರ್ ತಣ್ಣೀರು ಕುದಿಯಬಲ್ಲದು. ಹಿಂದೆ 13ನೇ ನಂಬರಿನ ಹೆದ್ದಾರಿಯಾಗಿದ್ದ ರಸ್ತೆ ಚಿತ್ರದುರ್ಗದಿಂದ ಹೊಳಲ್ಕೆರೆ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ಹಾದು, ಘಟ್ಟ ಇಳಿದು ಮಂಗಳೂರು ಸೇರುತ್ತದೆ. ಅಂಥ ಘಟ್ಟದಲ್ಲಿ ಅದೇ ಲಾರಿ 300 ಮೀಟರ್ ಎತ್ತರ ಇಳಿದರೆ ಕಳೆಯಬೇಕಾದ ಶಕ್ತಿ 230 ಲೀಟರಿಗೂ ಹೆಚ್ಚು ನೀರನ್ನು ಕುದಿಸುವಷ್ಟು! ಒಂದೇ ಸಮನೆ ಬ್ರೇಕು ತುಳಿದರೆ ಅದೆಲ್ಲ ಡ್ರಮ್ಮಿನ ಮೇಲೆಯೇ ಬಿದ್ದು, ಲೈನಿಂಗ್ ಸುಟ್ಟ ವಾಸನೆ ಬಂದು, ಹಿಡಿತ ಮಾಯವಾಗುತ್ತದೆ. 'ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ' ಎಂದು ಹಿರಿಯ ಡ್ರೈವರುಗಳು ಕಿರಿಯರಿಗೆ ಹೇಳುವುದು ಇದಕ್ಕೇ. ಎಂಜಿನ್ನೂ ಒಂದು ಬ್ರೇಕು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವನು ಆ ಬ್ರೇಕನ್ನು ಕೈಯಾರೆ ಕಿತ್ತುಹಾಕುತ್ತಾನೆ. ಭೀಮಸಮುದ್ರದ ಸುತ್ತಿನ ಅದಿರು ಲಾರಿಗಳಿಗೆ ಮಿತಿಮೀರಿ ತುಂಬುವವರೂ ಅಷ್ಟೇ. ಭಾರ ಎಷ್ಟು ಪಾಲು ಹೆಚ್ಚಿತೋ ಶಾಖವೂ ಅಷ್ಟು ಪಾಲು ಹೆಚ್ಚುತ್ತದೆ, ಡ್ರಮ್ ಮಾತ್ರ ಇದ್ದಷ್ಟೇ ಇರುತ್ತದೆ.

ಈ ಶಾಖದ ಸಮಸ್ಯೆಯೇ ಲ್ಯಾಂಚೆಸ್ಟರನ ಡಿಸ್ಕಿಗೆ ಮರುಜನ್ಮ ಕೊಟ್ಟಿತು. ಡ್ರಮ್ ಮುಚ್ಚಿದ ಪಾತ್ರೆ, ಡಿಸ್ಕ್ ಗಾಳಿಗೆ ತೆರೆದ ತಟ್ಟೆ, ಬೇಗ ತಣಿಯುತ್ತದೆ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಯ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಿತು. ಉಳಿದವರು ತಿರುವಿಗೆ ಬಹಳ ಮೊದಲೇ ಬ್ರೇಕು ಹಿಡಿಯಬೇಕಾದರೆ ಜಾಗ್ವಾರ್ ತಡವಾಗಿ ಹಿಡಿದರೂ ನಡೆಯುತ್ತಿತ್ತು. ಹೆಚ್ಚು ಓಡಿ ಗೆದ್ದದ್ದಲ್ಲ, ಚೆನ್ನಾಗಿ ನಿಂತು ಗೆದ್ದದ್ದು! 1955ರಲ್ಲಿ ಸಿಟ್ರೊಯೆನ್ ಕಂಪೆನಿಯ ಡಿಎಸ್ ಕಾರಿನ ಮೂಲಕ ಡಿಸ್ಕ್ ಬ್ರೇಕು ಸಾಮಾನ್ಯ ಗಿರಾಕಿಗಳನ್ನೂ ಮುಟ್ಟಿತು. 1960ರ ದಶಕದಲ್ಲಿ ಎರಡು ಪ್ರತ್ಯೇಕ ಕೊಳವೆಸಾಲುಗಳ ವ್ಯವಸ್ಥೆ ಬಂತು. ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ.

ಉಳಿದದ್ದು ಜಾರಿಕೆ. ಗಾಬರಿಯಲ್ಲಿ ಬ್ರೇಕನ್ನು ಗಟ್ಟಿಯಾಗಿ ತುಳಿದರೆ ಗಾಲಿ ಪೂರ್ತಿ ನಿಂತು ಟೈರು ರಸ್ತೆಯ ಮೇಲೆ ಜಾರುತ್ತದೆ. ಆಗ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತದೆ. ತಿರುಗುವ ಗಾಲಿ ಮಾತ್ರ ದಿಕ್ಕು ಬದಲಿಸಬಲ್ಲದು. ವಿಮಾನಗಳಿಗಾಗಿ 1950ರ ದಶಕದಲ್ಲಿ ಡನ್‌ಲಪ್ ಕಂಪೆನಿ ಮಾಡಿದ ಸಾಧನವೊಂದು 1966ರಲ್ಲಿ ಇಂಗ್ಲೆಂಡಿನ ಜೆನ್ಸನ್ ಕಾರಿಗೆ ಬಂತು. ಅದರ ಎಲೆಕ್ಟ್ರಾನಿಕ್ ರೂಪವನ್ನು ಬಾಷ್ ಮತ್ತು ಮರ್ಸಿಡಿಸ್ ಕಂಪೆನಿಗಳು 1978ರಲ್ಲಿ ತಂದವು. ಇದೇ ಎಬಿಎಸ್. ಗಾಲಿ ನಿಂತುಹೋಗುವ ಸೂಚನೆ ಕಂಡ ಕೂಡಲೇ ಇದು ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ಬಿಟ್ಟು ಹಿಡಿಯುತ್ತದೆ. ಹಳೆಯ ಡ್ರೈವರು ಜಾರುವ ರಸ್ತೆಯಲ್ಲಿ ಕಾಲಿನಿಂದ ಮಾಡುತ್ತಿದ್ದುದನ್ನು ಯಂತ್ರ ಇನ್ನೂ ಚುರುಕಾಗಿ ಮಾಡುತ್ತದೆ. ಎಬಿಎಸ್ ಇರುವ ಕಾರಿನಲ್ಲಿ ಪಂಪು ಮಾಡಬಾರದು. ಗಟ್ಟಿಯಾಗಿ ಒತ್ತಿ ಹಿಡಿದು ಸ್ಟಿಯರಿಂಗ್ ತಿರುಗಿಸಿಕೊಳ್ಳಬೇಕು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೂ 125 ಸಿಸಿ ಮೀರಿದ ಹೊಸ ಬೈಕುಗಳಿಗೂ ಇದು ಕಡ್ಡಾಯವಾಯಿತು.

ಈ ಚರಿತ್ರೆಯ ಈಚಿನ ಪುಟವೊಂದು ಚಿತ್ರದುರ್ಗ ಜಿಲ್ಲೆಯಲ್ಲೇ ಬರೆಯಲ್ಪಟ್ಟಿದೆ. ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ಕೇಂದ್ರದ ರನ್‌ವೇಯಲ್ಲಿ ಇಸ್ರೋ ಸಂಸ್ಥೆ ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬರಬಲ್ಲ ವಾಹನದ ಮಾದರಿಯೊಂದನ್ನು ಮೂರು ಬಾರಿ ಇಳಿಸಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು. ಪುಷ್ಪಕ್ ಎಂಬ ಈ ವಾಹನವನ್ನು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಮೂರನೆಯ ಸಲ ಅದು ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಮೊದಲು ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗವನ್ನು ಸುಮಾರು 100ಕ್ಕೆ ಇಳಿಸಿತು. ಆಮೇಲಷ್ಟೇ ಗಾಲಿಯ ಬ್ರೇಕು ಹಿಡಿಯಿತು. 320 ಕಿಲೋಮೀಟರಿನಿಂದ 100ಕ್ಕೆ ಬಂದಾಗ ಓಟದ ಶಕ್ತಿಯ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಕಳೆದುಹೋಗಿರುತ್ತದೆ. ಏಕೆಂದರೆ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ರಾಕೆಟ್ಟಿಗೆ ಅನ್ವಯಿಸುವ ಈ ಲೆಕ್ಕ ಹಿರಿಯೂರಿನ ರಸ್ತೆಗೂ ಅನ್ವಯಿಸುತ್ತದೆ. ಒಳ್ಳೆಯ ಬ್ರೇಕು, ಒಣ ರಸ್ತೆ ಇದ್ದರೆ 50 ಕಿಲೋಮೀಟರ್ ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 14 ಮೀಟರಿನಲ್ಲಿ ನಿಂತೀತು. ವೇಗ 100 ಆದರೆ ಬೇಕಾಗುವುದು 28 ಮೀಟರ್ ಅಲ್ಲ, 55 ಮೀಟರ್. ಅದಕ್ಕೂ ಮೊದಲು ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಒತ್ತಲು ಒಂದು ಸೆಕೆಂಡ್ ಬೇಕು. ಆ ಒಂದು ಸೆಕೆಂಡಿನಲ್ಲಿ ಕಾರು ಇನ್ನೂ 28 ಮೀಟರ್ ಮುಂದೆ ಹೋಗಿರುತ್ತದೆ. ಒಟ್ಟು 80 ಮೀಟರಿಗೂ ಹೆಚ್ಚು. ಮಳೆಯಲ್ಲಿ, ಸವೆದ ಟೈರಿನಲ್ಲಿ ಇನ್ನೂ ಜಾಸ್ತಿ. ಮೊಬೈಲ್ ನೋಡುವವನ ಲೆಕ್ಕ ಯಾರೂ ಹೇಳಲಾರರು.

ಸುವರ್ಣ ಚತುಷ್ಪಥ ಯೋಜನೆಯಲ್ಲಿ ಈ ಹೆದ್ದಾರಿ ಅಗಲವಾದ ಮೇಲೆ ಅದರ ಮೇಲಿನ ವೇಗ ಬೆಳೆಯಿತು. ಆದರೆ ಅದರ ಅಕ್ಕಪಕ್ಕದ ಹಳ್ಳಿಗಳು, ಹೊಲಗಳು ಇದ್ದಲ್ಲಿಯೇ ಇವೆ. ಮೆಕ್ಕೆಜೋಳ ತುಂಬಿದ, ಕೆಲವೊಮ್ಮೆ ಕೂಲಿಯಾಳುಗಳು ಕುಳಿತ ಟ್ರೇಲರುಗಳು ಈ ರಸ್ತೆಯಲ್ಲೂ, ಹೊಸದುರ್ಗ, ಹೊಳಲ್ಕೆರೆಯ ರಸ್ತೆಗಳಲ್ಲೂ ಸಂಜೆಗತ್ತಲಲ್ಲಿ ಹೋಗುತ್ತವೆ. ಎಷ್ಟೋ ಟ್ರೇಲರುಗಳಿಗೆ ತಮ್ಮದೇ ಆದ ಬ್ರೇಕಿಲ್ಲ, ಹಿಂದೆ ದೀಪವೂ ಇಲ್ಲ. ಟ್ರ್ಯಾಕ್ಟರು ಬ್ರೇಕು ಹಿಡಿದರೆ ಟ್ರೇಲರಿನ ಭಾರ ಹಿಂದಿನಿಂದ ನೂಕುತ್ತದೆ. ಇಳಿಜಾರಿನಲ್ಲಿ ಎತ್ತು ಕತ್ತಿನ ಮೇಲೆ ತಾಳಿಕೊಂಡ ಭಾರವೇ ಇದು. ಟ್ರ್ಯಾಕ್ಟರು ತಾಳದೆ ಅಡ್ಡ ತಿರುಗಿ ಮಗುಚುತ್ತದೆ. ಅತ್ತ ಹಿಂದಿನಿಂದ ನೂರರ ವೇಗದಲ್ಲಿ ಬರುವ ಕಾರಿನವನು ತನ್ನ ಎಬಿಎಸ್ ನಂಬಿಕೊಂಡಿರುತ್ತಾನೆ. ಅವನು ನಾಯಿಯೊಂದು ಅಡ್ಡ ಬಂತೆಂದು ತಟ್ಟನೆ ನಿಂತರೆ, ಅವನ ಬೆನ್ನಿಗೆ ಹತ್ತಿಕೊಂಡು ಬರುತ್ತಿದ್ದ ತುಂಬಿದ ಲಾರಿ ಅಷ್ಟು ಬೇಗ ನಿಲ್ಲಲಾರದು. ಇಂಗ್ಲೆಂಡಿನ ಕೆಂಪು ತ್ರಿಕೋನದ ಅರ್ಥ ಇಲ್ಲಿದೆ. ನೂರು ವರ್ಷದ ಹಿಂದೆ ಎರಡು ಬಗೆಯ ಬ್ರೇಕುಗಳು ಒಂದೇ ರಸ್ತೆಯಲ್ಲಿದ್ದುದಕ್ಕೆ ಅಲ್ಲಿನವರು ಎಚ್ಚರಿಕೆಯ ಗುರುತು ಹಾಕಿಕೊಂಡರು. ಇಲ್ಲಿ ಐದಾರು ಬಗೆಯ ಬ್ರೇಕುಗಳಿವೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬ್ರೇಕಿಗೆಂದೇ ಪ್ರತ್ಯೇಕ ನಿಯಮವಿದೆ. ಆದರೆ ನಿಯಮದ ಪುಸ್ತಕ ಗಾಲಿಗೆ ಸನ್ನೆ ಕೊಡುವುದಿಲ್ಲ. ಟ್ರೇಲರಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಲು ಹೆಚ್ಚು ಖರ್ಚಿಲ್ಲ. ಲಾರಿಯ ಮುಂದೆ ಕಾರು ನುಗ್ಗಿಸಿ ಬ್ರೇಕು ಹಿಡಿಯದಿರಲು ಖರ್ಚೇ ಇಲ್ಲ. ಮುಂದಿನ ವಾಹನ ಒಂದು ಕಲ್ಲನ್ನೋ ಮರವನ್ನೋ ದಾಟಿದ ಮೇಲೆ ಮೂರು ಸೆಕೆಂಡಾದರೂ ಕಳೆದು ನಿಮ್ಮ ವಾಹನ ಅದನ್ನು ದಾಟುವಂತಿದ್ದರೆ ಅಂತರ ಸಾಕು. ಮಳೆಯಲ್ಲಿ, ರಾತ್ರಿಯಲ್ಲಿ ಅದನ್ನು ಇಮ್ಮಡಿ ಮಾಡಬೇಕು. ಬರ್ತಾಳ ತೊಗಲಿನಿಂದ ಎಬಿಎಸ್‌ವರೆಗೆ ಬಂದ ಯಾವ ಸುಧಾರಣೆಯೂ ಈ ಅಂತರದ ಬದಲಿಗೆ ನಿಲ್ಲಲಾರದು.

ತೇರಿನ ಬಳಿ ಸನ್ನೆ ಹಿಡಿದವನು ತನಗಾಗಿ ಗಾಲಿ ತಡೆಯುವುದಿಲ್ಲ. ಗಾಲಿಯ ಮುಂದೆ ಇರುವವರಿಗಾಗಿ ತಡೆಯುತ್ತಾನೆ. ಕಾರಿನ ಪೆಡಲಿನ ಮೇಲೆ ಕಾಲಿಟ್ಟವರ ಕೆಲಸವೂ ಅದೇ.